ಅಪ್‌ಡೇಟ್: ಗೇಟಿಗೆ ಕಾರು ತಗುಲಿದ ಪ್ರಶ್ನೆ, ಬರೀ ಥರ್ಡ್ ಪಾರ್ಟಿ ಪಾಲಿಸಿ

ಕೇಳಿದ್ದು ಇಷ್ಟು: ರಸ್ತೆಯಲ್ಲಿ ರಿವರ್ಸ್ ತೆಗೆಯುವಾಗ ಪಕ್ಕದ ಮನೆ ಗೇಟಿಗೆ ಕಾರು ತಗುಲಿದೆ, ಇರೋದು ಥರ್ಡ್ ಪಾರ್ಟಿ ವಿಮೆ ಮಾತ್ರ, ಏನು ಸಿಗುತ್ತೆ?

ಗೇಟಿನ ನಷ್ಟಕ್ಕೆ ಕವರ್ ಇದೆ, ನಮ್ಮ ಬಂಪರಿಗೆ ಒಂದು ಪೈಸೆಯೂ ಇಲ್ಲ. ಖಾಸಗಿ ಕಾರಿಗೆ ಪರರ ಆಸ್ತಿ ಹಾನಿಯ ಮಿತಿ ಸಾಮಾನ್ಯವಾಗಿ 7.5 ಲಕ್ಷ. ಆದರೆ ಪಾಲಿಸಿಯ ಶೆಡ್ಯೂಲ್ ಹಾಳೆ ತೆಗೆದು 'ಟಿಪಿಪಿಡಿ' (ಅಂದರೆ ಪರರ ಆಸ್ತಿ ಹಾನಿ) ಅನ್ನೋ ಸಾಲು ನೋಡಲೇಬೇಕು. ಪ್ರೀಮಿಯಂನಲ್ಲಿ ನೂರು ರೂಪಾಯಿ ಉಳಿಸೋಕೆ ಮಿತಿಯನ್ನು 6,000ಕ್ಕೆ ಇಳಿಸಿರುವ ಪಾಲಿಸಿಗಳಿವೆ. ಕಬ್ಬಿಣದ ಗೇಟು, ಕಿತ್ತುಬಂದ ಕಂಬ ಅಂದರೆ ಅಷ್ಟು ಯಾವ ಮೂಲೆಗೆ! ದಯವಿಟ್ಟು ಆ ರಿಯಾಯಿತಿ ತಗೋಬೇಡಿ.

ದಾರಿಹೋಕರಿಗೆ ಗಾಯ, ಸಾವು ಆದರೆ ಇಂಥ ಮಿತಿಯಿಲ್ಲ. ಪರಿಹಾರವನ್ನು ಮೋಟಾರು ಅಪಘಾತ ನ್ಯಾಯಮಂಡಳಿ ನಿರ್ಧರಿಸುತ್ತೆ. ಹೆಚ್ಚಿನವರು ಎಡವೋದು ಇಲ್ಲಿ: ಕಾರಿನೊಳಗೆ ಕೂತ ಮನೆಯವರು, ಸ್ನೇಹಿತರು ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ತಾವಾಗಿಯೇ ಸೇರಲ್ಲ. ಮಾಲೀಕ ಚಾಲಕನ 15 ಲಕ್ಷದ ಅಪಘಾತ ವಿಮೆಯೂ ಬೇರೆಯದೇ.

ಇನ್ನೊಂದು, ಕಂಪನಿಗೆ ತಿಳಿಸೋ ಮೊದಲೇ 'ತಪ್ಪು ನನ್ನದೇ, ದುಡ್ಡು ಕೊಡ್ತೀನಿ' ಅಂತ ಬರೆದುಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹಾಗೆ ಮಾಡಬಾರದು ಅನ್ನೋದು ಪಾಲಿಸಿಯ ಷರತ್ತು. ಗೇಟಿನ ಫೋಟೊ, ರಿಪೇರಿಯ ಅಂದಾಜು ಪಟ್ಟಿ, ಆರ್‌ಸಿ, ಡಿಎಲ್ ಸಿದ್ಧವಿಟ್ಟು ಮೊದಲು ಕಂಪನಿಗೆ ಫೋನ್ ಮಾಡಿ.