ಮರ ಹತ್ತದ ಕೊನೆಗಾರನಿಗೆ ಜಾಸ್ತಿ ಕೂಲಿಯಾ?

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ವಾಪಸ್ ಬರೋದಾ, ಅಮೆರಿಕದಲ್ಲೇ ಇರೋದಾ ಅನ್ನೋ ಮಾತಿನ ನಡುವೆ ಒಬ್ಬರು, ‘ಅಲ್ಲಿ ಕೆಲಸ ಹೋದರೂ ಸರ್ಕಾರ ನೋಡಿಕೊಳ್ಳುತ್ತೆ, ಕೊರೋನಾದಲ್ಲಿ ನೋಡಿಲ್ವಾ’ ಅಂದಿದ್ದಾರೆ. ಎಲ್ಲರನ್ನೂ ನೋಡಿಕೊಳ್ಳಲಿಲ್ಲ. ನಮ್ಮ ಮನೆಯಲ್ಲೇ ಒಬ್ಬರಿಗೆ ಸಿಕ್ಕಿತು, ಒಬ್ಬರಿಗೆ ಇಲ್ಲ.

2020ರ ಏಪ್ರಿಲ್‌ನಲ್ಲಿ ನನ್ನ ಕೆಲಸ ಹೋಯಿತು. ನನ್ನದು ಎಚ್-1ಬಿ, ಅಂದರೆ ಒಂದು ಕಂಪನಿಗೆ ಕಟ್ಟುಬಿದ್ದ ಕೆಲಸದ ವೀಸಾ. ಹೊಸ ಕಂಪನಿ ಹುಡುಕಲು 60 ದಿನ. ಅದೇ ವಾರ ಹೆಂಡತಿ ಅರ್ಧ ದಿನ ಹೋಗುತ್ತಿದ್ದ ಡೇಕೇರ್ ಕೂಡ ಬಾಗಿಲು ಹಾಕಿತು. ಇಬ್ಬರೂ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದೆವು. ಭತ್ಯೆ ಬೇಕೆಂದರೆ ನಾಳೆ ಯಾರು ಕರೆದರೂ ಕೆಲಸಕ್ಕೆ ಹೋಗುವಂತಿರಬೇಕು. ಎಚ್-1ಬಿಯವನು ಗೂಟಕ್ಕೆ ಕಟ್ಟಿದ ಕರು. ನನ್ನ ಅರ್ಜಿ ಬಿದ್ದುಹೋಯಿತು. ಅವಳಿಗೆ ಎಚ್-4 ಇಎಡಿ, ಅಂದರೆ ಎಚ್-1ಬಿಯವರ ಸಂಗಾತಿಗೆ ಕೊಡುವ ಕೆಲಸದ ಪರವಾನಗಿ ಇತ್ತು, ಎಲ್ಲಿ ಬೇಕಾದರೂ ದುಡಿಯಬಹುದಿತ್ತು. ಹಾಗಾಗಿ ಸಿಕ್ಕಿತು.

‘ಇಷ್ಟು ವರ್ಷ ತೆರಿಗೆ ಕಟ್ಟಿದ್ದೇನಲ್ಲ’ ಅಂತ ಸುಮ್ನೆ ಕೂಗಾಡಿದೆ. ಹೆಚ್ಚಿನ ರಾಜ್ಯಗಳಲ್ಲಿ ಭತ್ಯೆಯ ನಿಧಿಗೆ ದುಡ್ಡು ಹಾಕುವುದು ಕಂಪನಿಗಳು, ನಮ್ಮ ಸಂಬಳದಿಂದ ಮುರಿಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಅವಳು ದುಡಿಯುತ್ತಿದ್ದದ್ದು ವಾರಕ್ಕೆ 300 ಡಾಲರ್. ರಾಜ್ಯದ ಭತ್ಯೆ ಅದರ ಅರ್ಧ, 150. ಅದರ ಮೇಲೆ ಮಾರ್ಚ್ 27ರಂದು ಬಂದ ಕೇರ್ಸ್ ಅನ್ನೋ ಕೊರೋನಾ ಪರಿಹಾರ ಕಾಯ್ದೆಯ 600. ಒಟ್ಟು 750! ತೀರ್ಥಹಳ್ಳಿಯಿಂದ ಅಪ್ಪ ಫೋನಿನಲ್ಲಿ, ‘ಎಂತ ಮಾರಾಯಾ, ಮರ ಹತ್ತಿದ ಕೊನೆಗಾರನಿಗಿಂತ ಹತ್ತದೆ ಕೂತವನಿಗೆ ಜಾಸ್ತಿ ಕೂಲಿಯಾ?’ ಅಂದರು. ಕೊನೆಗಾರ ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನು. ಅಪ್ಪ ಕೇಳಿದ್ದನ್ನೇ ಅಲ್ಲಿನ ಸಂಸತ್ತಿನಲ್ಲೂ ಕೇಳಿದ್ದರು. ಆದರೆ ಒಬ್ಬೊಬ್ಬರ ಸಂಬಳಕ್ಕೆ ತಕ್ಕಂತೆ ಲೆಕ್ಕ ಹಾಕಲು ರಾಜ್ಯಗಳ ಹಳೇ ಕಂಪ್ಯೂಟರುಗಳ ಕೈಲಿ ಆಗುತ್ತಿರಲಿಲ್ಲ. ಅದಕ್ಕೇ ಎಲ್ಲರಿಗೂ ಒಂದೇ ಮೊತ್ತ. ಊಬರ್ ಓಡಿಸುವವರಿಗೂ ಆಗ ಬೇರೆ ಯೋಜನೆಯಲ್ಲಿ ಭತ್ಯೆ ಸಿಕ್ಕಿತು. ಮೊದಲೆಲ್ಲ ಅಂಥವರಿಗೆ ಏನೂ ಇರಲಿಲ್ಲ.

52ನೇ ದಿನ ಕಡಿಮೆ ಸಂಬಳಕ್ಕೆ ಬೇರೆ ಕಡೆ ಸೇರಿದೆ. ಅಲ್ಲಿವರೆಗೆ ಮನೆ ಬಾಡಿಗೆ ಕಟ್ಟಿದ್ದು ಅವಳ ದುಡ್ಡು. ಜುಲೈ ಕೊನೆಗೆ 600 ನಿಂತಿತು. ಮುಂದೆ 300 ಅಂತ ಕೊಟ್ಟು, 2021ರ ಸೆಪ್ಟೆಂಬರ್ 6ಕ್ಕೆ ಅದನ್ನೂ ಮುಗಿಸಿದರು.

ಈಗ ಊರಿನ ವಿಷಯ. ಶಿವಮೊಗ್ಗದಲ್ಲಿ ಆಟೋ ಓಡಿಸುವ ನಮ್ಮ ದೊಡ್ಡಪ್ಪನ ಮಗನಿಗೆ 2020ರಲ್ಲಿ ರಾಜ್ಯ ಸರ್ಕಾರದಿಂದ ಒಂದು ಸಲ 5,000 ರೂಪಾಯಿ ಬಂತು. ಇಎಸ್‌ಐ ಅನ್ನೋ ನೌಕರರ ಸರ್ಕಾರಿ ವಿಮೆ ಇದ್ದವರಿಗೆ ಕೆಲಸ ಹೋದರೆ 90 ದಿನದವರೆಗೆ ಅರ್ಧ ಸಂಬಳ ಅಂತ ಆ ವರ್ಷ ಏರಿಸಿದರು, ಮೊದಲು ಕಾಲು ಭಾಗ ಇತ್ತು. ಆದರೆ ತಿಂಗಳ ಸಂಬಳ 21,000 ದಾಟಿದವರು ಇಎಸ್‌ಐಗೇ ಬರುವುದಿಲ್ಲ. ಅಂದರೆ ವಾಪಸ್ ಬಂದು ಐಟಿ ಕೆಲಸ ಹಿಡಿಯುವವರಿಗೆ ಇಲ್ಲಿ ಇಂಥದ್ದೇನೂ ಇಲ್ಲ. 2022ರಲ್ಲಿ ಬಂದ ನಮಗೆ ಇರುವುದು ಅಪ್ಪನ ಮನೆ, ಒಂದೂವರೆ ಎಕರೆ ತೋಟ. ಮಕ್ಕಳ ಸ್ಕೂಲ್ ಫೀಸು ಅಡಿಕೆ ರೇಟು ನೋಡಿ ಬರುವುದಿಲ್ಲ, ಅಲ್ವಾ?

ಅಲ್ಲೇ ಇರುವವರು ಮನೆಯವರ ಇಎಡಿ ಯಾವತ್ತು ಮುಗಿಯುತ್ತೆ ಅಂತ ಇವತ್ತೇ ತೆಗೆದು ನೋಡಿ. ನಮ್ಮದು 2020ರ ಆಗಸ್ಟ್‌ಗೆ ಮುಗಿಯುವುದಿತ್ತು. ಅದಿಲ್ಲದಿದ್ದರೆ ಅವಳ ಅರ್ಜಿಯೂ ಬಿದ್ದುಹೋಗುತ್ತಿತ್ತು.