ಸಹಿ ಇಲ್ಲದ ಚಾಕ್ ಮುಖಚಿತ್ರ, ಕಾಲ ಗುರುತಿಸೋದು ಹೇಗೆ?

ಪ್ರಶ್ನೆ: ಲಂಡನ್ನಿನ ಹಳೆ ಸಾಮಾನಿನ ಅಂಗಡಿಯಲ್ಲಿ ಹೆಂಗಸೊಬ್ಬಳ ಮುಖಚಿತ್ರ ಕೊಂಡೆ. ನೀಲಿ ಕಾಗದ, ಕಪ್ಪು-ಬಿಳಿ ಚಾಕ್, ತುಟಿಗೆ ಮಾತ್ರ ಕೆಂಪು. ಹಿಂದೆ ‘ಬ್ರಿಟಿಷ್ ಸ್ಕೂಲ್’ ಅಂತಿದೆ. ಇದು ಯಾವ ಶಾಲೆ? ಆ ಕಣ್ಣು ನೋಡಿದಾಗಿನಿಂದ ಬರೆದವರು ಯಾರು ಅಂತ ತಿಳಿಯುವ ಆಸೆ.

ಉತ್ತರ: ಶಾಲೆ ಅಲ್ಲ. ಕಲಾವಿದರು ಬ್ರಿಟನ್ನಿನವರು, ಹೆಸರು ಗೊತ್ತಿಲ್ಲ ಅಂತ ಅರ್ಥ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಅಚ್ಚಿನ ತಂತಿಯ ಗೆರೆ ಕಾಣದ ‘ವೋವ್’ ಕಾಗದ ಇಂಗ್ಲೆಂಡಿನಲ್ಲಿ ಶುರುವಾದದ್ದೇ 1750ರ ದಶಕದಲ್ಲಿ, ಹಾಗಾಗಿ ಅದಾದರೆ ಚಿತ್ರ ಅದಕ್ಕಿಂತ ಹಳೆಯದಲ್ಲ. ಗೆರೆ ಇದ್ದರೆ ಮಾತ್ರ ಏನೂ ಹೇಳಕ್ಕಾಗಲ್ಲ, ‘ಲೇಯ್ಡ್’ ಅನ್ನುವ ಆ ಗೆರೆ ಕಾಗದ ಆಮೇಲೂ ಬರುತ್ತಿತ್ತು.

ಉತ್ತರ: ನೀಲಿ ಕಾಗದ ಅಂದರೆ ನನಗೆ ಇಂಗ್ಲಿಷ್ ಚಿತ್ರಕಾರ ಜೊನಾಥನ್ ರಿಚರ್ಡ್‌ಸನ್ (1667–1745) ನೆನಪಾಗುತ್ತಾರೆ, ತಮ್ಮ ಮುಖವನ್ನೇ ಹೀಗೆ ಎಷ್ಟೋ ಸಲ ಬರೆದವರು. ಅಷ್ಟಕ್ಕೇ ಅವರದೇ ಅನ್ನಬೇಡಿ. ಮತ್ತೆ, ದಯವಿಟ್ಟು ಒರೆಸಬೇಡಿ, ಚಾಕ್ ಉದುರುತ್ತದೆ.