ಟೆಗು ಸಾಕಬೇಕಾ? ಸಾಕಿದವರು ಹೇಳಿ

ಪ್ರಶ್ನೆ: ವಿಜಯಪುರದಲ್ಲಿ ಬಾಡಿಗೆ ಮನೆ. ಎರಡು ವರ್ಷದ ಮಗಳಿದ್ದಾಳೆ. ಅರ್ಜೆಂಟೀನಾದ ಕಪ್ಪು-ಬಿಳಿ ಟೆಗು ಎಂಬ ದೊಡ್ಡ ಹಲ್ಲಿಯ ಮರಿ ತರುವ ಆಸೆ ಬಹಳ ದಿನದ್ದು. ತರಬಹುದಾ? ಸಾಕಿದವರ ಅನುಭವ ಬೇಕು.

ಟಿಳಕವಾಡಿ, ಬೆಳಗಾವಿ:
ನನ್ನ ಗಂಡು ಟೆಗುಗೆ ಈಗ ಆರು ವರ್ಷ. ಮೂಗಿನಿಂದ ಬಾಲದ ತುದಿವರೆಗೆ ನಾಲ್ಕು ಅಡಿ ಇದ್ದಾನೆ. ಮೊದಲ ಪೆಟ್ಟಿಗೆ ಪ್ಲೈವುಡ್‌ನಲ್ಲಿ ಮಾಡಿಸಿದೆ, 18 ಸಾವಿರ. ಒಳಗೆ ಗಾಳಿಯ ತೇವ ಶೇಕಡಾ 70-80 ಇರಲೇಬೇಕು, ಹೊರಗೆ ನಮ್ಮೂರ ಮಳೆ. ಒಂದೇ ಮಳೆಗಾಲಕ್ಕೆ ತಳ ಹಪ್ಪಳದ ಹಾಗೆ ಉಬ್ಬಿತು. ಆಮೇಲೆ ಸಿಮೆಂಟ್ ಶೀಟ್, ಗಾಜು ಹಾಕಿಸಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ್ದು ಮಾಡಿಸಿದೆ. 42 ಸಾವಿರ ಆಯಿತು. ಬಡಗಿ, ಇದರಲ್ಲಿ ಕರು ಕಟ್ಟುತ್ತೀರಾ ಎಂದು ಕೇಳಿದ.
ಮೊದಲ ಚಳಿಗಾಲ ನನ್ನ ಜೀವ ಹೋಗುವುದೊಂದು ಬಾಕಿ. ದೀಪಾವಳಿ ಆದ ಮೇಲೆ ಮಣ್ಣಿನೊಳಗೆ ಹೋದವನು ಫೆಬ್ರವರಿವರೆಗೆ ಬಾಯಿ ತೆರೆಯಲಿಲ್ಲ. ವಾರಕ್ಕೊಮ್ಮೆ ತಕ್ಕಡಿಗೆ ಇಟ್ಟು ನೋಡುತ್ತಿದ್ದೆ. ಅದು ಅವುಗಳ ನಿದ್ದೆಯ ಕಾಲ. ಎದ್ದ ದಿನ ಸೀದಾ ಬಂದು ನನ್ನ ಸ್ವೆಟರ್ ಮೇಲೆ ಮಲಗಿದ. ಆ ಕ್ಷಣಕ್ಕೆ ಎಷ್ಟು ಖರ್ಚಾದರೂ ಸೈ.

ಜಲನಗರ, ವಿಜಯಪುರ:
ನಾನು ಕಳೆದುಕೊಂಡವನು, ನನ್ನ ಮಾತು ಕೇಳಿ. ಮರಿಗೆ 70 ಸಾವಿರ ಕೊಟ್ಟೆ. ನಮ್ಮೂರೇ ಬಿಸಿ, ದೀಪ ಯಾಕೆ ಎಂದುಕೊಂಡಿದ್ದೆ. ಬಿಸಿಯೇನೋ ಇದೆ, ತೇವ ಎಲ್ಲಿದೆ? ಮೇ ತಿಂಗಳಲ್ಲಿ ಪೊರೆ ಬೆರಳಿಗೆ ಅಂಟಿ, ರಕ್ತ ಓಡದೆ ಎರಡು ಬೆರಳ ತುದಿ ಕಪ್ಪಾಗಿ ಉದುರಿದವು. ಮಾರಿದವನು ಮೂಳೆಯಿಲ್ಲದ ಚಿಕನ್ ಸಾಕು ಅಂದಿದ್ದ. ಅದರಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಎಲುಬು ಗಟ್ಟಿಯಾಗಲು ಬೇಕಾದ ನೇರಳಾತೀತ ಕಿರಣ ಕೊಡುವ ಯುವಿಬಿ ಟ್ಯೂಬ್ ಉರಿಯುತ್ತಿತ್ತು, ಅದಕ್ಕೇ ಬದಲಿಸಲಿಲ್ಲ. ಬೆಳಕು ಇದ್ದರೂ ವರ್ಷದೊಳಗೆ ಅದರ ಶಕ್ತಿ ಇಳಿಯುತ್ತದೆ ಎಂದು ಆಮೇಲೆ ಗೊತ್ತಾಯಿತು. ದವಡೆ ರಬ್ಬರ್ ಹಾಗೆ ಮೆತ್ತಗಾಯಿತು. ಮುಂಗಾಲು ಬಾಗಿತು. ಇಲ್ಲಿ ನನಗೆ ಇದನ್ನು ನೋಡುವ ಡಾಕ್ಟರ್ ಸಿಗಲಿಲ್ಲ. ರಾತ್ರಿ ಕಾರು ಮಾಡಿ ಪುಣೆಗೆ ಒಯ್ದೆ. ಬಾಡಿಗೆ 11 ಸಾವಿರ, ಎಕ್ಸ್‌ರೇ, ಇಂಜೆಕ್ಷನ್ ಬೇರೆ. ಒಂಬತ್ತನೇ ದಿನ ಹೋಯಿತು. 15-20 ವರ್ಷ ಬಾಳುವ ಜೀವ, ನನ್ನ ಕೈಯಲ್ಲಿ ಎರಡು ವರ್ಷಕ್ಕೆ ಮುಗಿಯಿತು.

ಟಿಳಕವಾಡಿ, ಬೆಳಗಾವಿ:
ನೋವು ಅರ್ಥವಾಗುತ್ತದೆ. ಆದರೆ ಬೇಡ ಎನ್ನುವ ಹಾಗೆ ಬರೆಯಬೇಡಿ. ಕ್ಯಾಲ್ಸಿಯಂ ಪುಡಿ ಹಾಕದೇ ಇದ್ದದ್ದು ನೀವು.

ಜಲನಗರ, ವಿಜಯಪುರ:
ನನ್ನ ತಪ್ಪು ಅಲ್ಲ ಎಂದು ಎಲ್ಲಿ ಹೇಳಿದೆ? ನಿಮ್ಮೂರಲ್ಲಿ ಮಳೆಯೇ ತೇವ ಕೊಡುತ್ತದೆ. ಇಲ್ಲಿ 42 ಡಿಗ್ರಿಯಲ್ಲಿ ಕರೆಂಟ್ ಹೋದರೆ ಏನಾಗುತ್ತದೆ ನಿಮಗೆ ಗೊತ್ತಿಲ್ಲ. ಸತ್ತ ಜೀವದ ಲೆಕ್ಕ ಕೇಳಲು ಬರಬೇಡಿ.

ನವನಗರ, ಬಾಗಲಕೋಟೆ:
ಇಬ್ಬರೂ ಕಾಗದದ ಮಾತೇ ಎತ್ತಲಿಲ್ಲ. ಟೆಗು ಸೈಟಿಸ್‌ನ, ಅಂದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ, ಎರಡನೇ ಪಟ್ಟಿಯಲ್ಲಿದೆ. 2022ರ ವನ್ಯಜೀವಿ ಕಾನೂನು ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಾಯಿತು. 2024ರ ಫೆಬ್ರವರಿಯಲ್ಲಿ ನೋಂದಣಿ ನಿಯಮ ಬಂತು, ಮೊದಲೇ ಸಾಕಿದವರಿಗೆ ಆರು ತಿಂಗಳು ಸಮಯ ಕೊಟ್ಟಿದ್ದರು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನನ್ನದನ್ನು ಹಾಕಲು ಹದಿನೇಳು ದಿನ ಒದ್ದಾಡಿದೆ. ಫೋಟೋ ಎರಡು ಸಲ ವಾಪಸ್ ಬಂತು. ಆದರೂ ಬಿಡಲಿಲ್ಲ. ಈಗ ನನ್ನ ಹೆಣ್ಣು ಟೆಗು ದಾಖಲೆಯಲ್ಲಿದೆ. ಕಾಗದ ಕೊಡದವನ ಹತ್ತಿರ ಮರಿ ತಂದರೆ ಕಷ್ಟ ನಿಮಗೇ.
ನಾನು ಉಡ ಕಟ್ಟಿಹಾಕಿದ್ದೇನೆ ಎಂದು ಪಕ್ಕದ ಓಣಿಯವರು ದೂರು ಕೊಟ್ಟಾಗ ಅರಣ್ಯ ಇಲಾಖೆಯವರು ಮನೆಗೇ ಬಂದರು. ಉಡ ಸಾಕಿದರೆ ಏಳು ವರ್ಷದವರೆಗೆ ಜೈಲು. ಎರಡೂ ಬೇರೆ ಬೇರೆ ಪ್ರಾಣಿ ಎಂದು ತೋರಿಸಿ ಹೇಳಿದೆ. ಕಾಗದ ಇದ್ದದ್ದಕ್ಕೆ ಉಳಿದೆ.

ಮುಧೋಳ:
ನಮ್ಮ ಊರಿನ ನಾಯಿಯ ತಳಿ ಎಷ್ಟು ಚಂದ ಇದೆ. ಅದನ್ನು ಬಿಟ್ಟು ಅರ್ಜೆಂಟೀನಾದ ಹಲ್ಲಿಗೆ ಲಕ್ಷ ಸುರಿಯುವುದು ಯಾಕೆ? ಅಮೆರಿಕದ ಫ್ಲಾರಿಡಾದಲ್ಲಿ ಸಾಕಿ ಬಿಟ್ಟ ಟೆಗುಗಳು ಕಾಡು ಸೇರಿ ಮೊಸಳೆ, ಆಮೆಗಳ ಮೊಟ್ಟೆ ತಿನ್ನುತ್ತಿವೆ. 2021ರಲ್ಲಿ ಅಲ್ಲಿ ನಿಷೇಧವೇ ಆಯಿತು.

ನವನಗರ, ಬಾಗಲಕೋಟೆ:
ನಾಯಿ ವಿಷಯ ಇಲ್ಲಿ ಬೇಡ. ಬಿಟ್ಟವರ ತಪ್ಪಿಗೆ ಸಾಕುವವರನ್ನು ಬಯ್ಯಬೇಡಿ.

ಮುಧೋಳ:
ಬಿಡುವವರೂ ಮೊದಲು ಸಾಕಿದವರೇ ಅಲ್ವಾ?

ಇಳಕಲ್:
ಮೊಟ್ಟೆ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಪಪ್ಪಾಯಿ, ಕುಂಬಳಕಾಯಿ ಮೇಲೆ ಬದುಕುತ್ತದೆ ಎಂದು ನಂಬಿಸಿ ಕೊಟ್ಟರು. ಹಣ್ಣು ತಿನ್ನುತ್ತದೆ, ನಿಜ. ಬೆಳೆಯುವ ಮರಿಗೆ ಅಷ್ಟೇ ಸಾಲದು. ಇಲಿ, ಮೀನು, ಮೊಟ್ಟೆ ಬೇಕು. ಅಟ್ಟದ ಮೇಲೆ ಬೇರೆ ಫ್ರಿಜ್ ಇಟ್ಟೆ, 9,500. ಅವ್ವ ನಾಲ್ಕು ತಿಂಗಳು ಮಾತು ಬಿಟ್ಟಳು. ಈಗ ಅವಳೇ ಬೆಳಿಗ್ಗೆ ಪಪ್ಪಾಯಿ ಹೆಚ್ಚಿ ಇಡುತ್ತಾಳೆ. ಅದು ನಾಲಿಗೆ ಚಾಚಿ ಅವ್ವನ ಕೈ ಮೂಸುವುದನ್ನು ನೋಡಬೇಕು.

ಟಿಳಕವಾಡಿ, ಬೆಳಗಾವಿ:
ಇದನ್ನೇ ನಾನು ಹೇಳುವುದು. ಸುಮ್ನೆ ಹಲ್ಲಿ ಅಲ್ಲ ಇದು. ಬೆದೆಯ ಕಾಲದಲ್ಲಿ ಇದರ ಮೈ ಸುತ್ತಲಿನ ಗಾಳಿಗಿಂತ 10 ಡಿಗ್ರಿವರೆಗೂ ಬೆಚ್ಚಗಾಗುತ್ತದೆ ಎಂದು 2016ರಲ್ಲಿ ವಿಜ್ಞಾನಿಗಳೇ ತೋರಿಸಿದ್ದಾರೆ. ಹಲ್ಲಿಗಳಲ್ಲಿ ಇಂಥದ್ದು ಬಲು ಅಪರೂಪ. ಮುಂಜಾವಿನ ಚಳಿಯಲ್ಲಿ ನನ್ನವನ ಹೊಟ್ಟೆ ಮುಟ್ಟಿದಾಗಲೆಲ್ಲ ಅದು ನೆನಪಾಗುತ್ತದೆ.

ಜಲನಗರ, ವಿಜಯಪುರ:
ನನ್ನದರ ಹೊಟ್ಟೆ ಕೊನೆಯ ರಾತ್ರಿ ತಣ್ಣಗಿತ್ತು. ಪೆಟ್ಟಿಗೆ ಮಾಳಿಗೆ ಮೇಲಿದೆ. ಇಬ್ಬರು ಕೇಳಿದರು, ಕೊಡಲಿಲ್ಲ.